ಶೆಡ್ಡಿನಲ್ಲಿ ಹುಟ್ಟಿದ ಕಾರುಗಳು



ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ನಡೆದು ಹೋಗುವಾಗ ಒಂದು ಗ್ಯಾರೇಜಿನ ಮುಂದೆ ಐದು ನಿಮಿಷ ನಿಂತು ನೋಡಿದ್ದೀರಾ? ಹಳೆಯ ಜೀಪೊಂದರ ಮೈಯನ್ನು ಪೂರ್ತಿ ಕಳಚಿ ಪಕ್ಕಕ್ಕೆ ಇಟ್ಟಿರುತ್ತಾರೆ. ನೆಲದ ಮೇಲೆ ಉಳಿಯುವುದು ಎರಡು ಉದ್ದನೆಯ ಉಕ್ಕಿನ ತೊಲೆ, ನಾಲ್ಕು ಗಾಲಿ, ಒಂದು ಎಂಜಿನ್, ಒಂದಿಷ್ಟು ಕೊಳವೆ ಮತ್ತು ತಂತಿ. ಕಾರೆಂಬ ದೊಡ್ಡ ಒಗಟು ಅಷ್ಟರಲ್ಲಿ ಬಿಚ್ಚಿಕೊಂಡುಬಿಡುತ್ತದೆ. ಬಿಚ್ಚಿದ್ದನ್ನು ಮತ್ತೆ ಜೋಡಿಸುವ ಹುಡುಗನಿಗೆ ಹೆಚ್ಚೆಂದರೆ ನಿಮ್ಮದೇ ವಯಸ್ಸು. ಹಾಗಾದರೆ ಮೊದಲಿನಿಂದಲೇ ಒಂದು ಕಾರನ್ನು ಮನೆಯ ಶೆಡ್ಡಿನಲ್ಲಿ ಕಟ್ಟಲು ಸಾಧ್ಯವಿಲ್ಲವೇ? ಈ ಪ್ರಶ್ನೆ ನಿಮ್ಮಲ್ಲಿ ಕೆಲವರಿಗಾದರೂ ಬಂದಿರಬೇಕು. ಅದಕ್ಕೊಂದು ಇತಿಹಾಸವಿದೆ, ಅದರ ಒಂದು ಅಧ್ಯಾಯ ನಮ್ಮ ಊರಿನಿಂದ ಬಹಳ ದೂರದ್ದೂ ಅಲ್ಲ.

ಮೊದಲು ಇಂಗ್ಲೆಂಡಿಗೆ ಹೋಗಿಬರೋಣ. ಅಲ್ಲಿ ಇದು ಸಾವಿರಾರು ಜನರ ಹವ್ಯಾಸ. 1948ರಲ್ಲಿ ಕಾಲಿನ್ ಚಾಪ್ಮನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಒಂದು ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ, ತನ್ನ ಗೆಳತಿಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಅದನ್ನು ಬೇರೆಯೇ ಕಾರಾಗಿ ಕಟ್ಟಿದ. ಅದೇ ಮೊದಲ ಲೋಟಸ್. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಕೊಳ್ಳುವವರು ಬಿಡಿಭಾಗಗಳಾಗಿ ಮನೆಗೆ ತಂದು ತಾವೇ ಜೋಡಿಸಿಕೊಳ್ಳಬಹುದಿತ್ತು. ಜನ ಹಾಗೇಕೆ ಕೊಂಡರು? ಸಿದ್ಧ ಕಾರಿನ ಮೇಲೆ ಅಲ್ಲಿನ ಸರ್ಕಾರ ಭಾರಿ ಖರೀದಿ ತೆರಿಗೆ ಹಾಕುತ್ತಿತ್ತು, ಬಿಡಿಭಾಗಗಳ ಕಟ್ಟಿಗೆ ಆ ತೆರಿಗೆ ಇರಲಿಲ್ಲ. ಆದರೆ ಜೋಡಿಸುವ ಸೂಚನೆಗಳನ್ನು ಜೊತೆಗೆ ಕೊಡುವಂತಿರಲಿಲ್ಲ. ಆದ್ದರಿಂದ ಕಾರನ್ನು ಬಿಚ್ಚುವ ಸೂಚನೆಗಳನ್ನು ಕೊಡುತ್ತಿದ್ದರು, ಕೊಂಡವರು ಅದನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳುತ್ತಿದ್ದರು ಎಂದು ಒಂದು ತಮಾಷೆಯ ಕಥೆ ಹೇಳುತ್ತಾರೆ. 1973ರಲ್ಲಿ ಆ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂತು, ಲಾಭದ ಲೆಕ್ಕ ಮುಗಿಯಿತು. ಹವ್ಯಾಸ ಮಾತ್ರ ಉಳಿಯಿತು.

ಒಂದು ದೇಶದಲ್ಲಿ ಜನ ಶೆಡ್ಡಿನಲ್ಲಿ ಕಾರು ಕಟ್ಟುತ್ತಾರೋ ಇಲ್ಲವೋ ಎಂಬುದನ್ನು ಬರೀ ಜಾಣತನ ನಿರ್ಧರಿಸುವುದಿಲ್ಲ. ತೆರಿಗೆಯ ಪುಸ್ತಕ, ಕಾನೂನಿನ ಪುಸ್ತಕಗಳೂ ನಿರ್ಧರಿಸುತ್ತವೆ. ಇದನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಕಡೆಗೆ ಬನ್ನಿ.

ಭಾರತಕ್ಕೂ ಕಾರುಗಳು ಒಂದು ಕಾಲಕ್ಕೆ ಪೆಟ್ಟಿಗೆಗಳಲ್ಲಿ ಬಂದವು ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1928ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಮುಂಬಯಿಯ ಶಿವಡಿಯಲ್ಲಿ ಕಾರ್ಖಾನೆ ತೆರೆದು, ಹಡಗಿನಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸಿ ಮಾರತೊಡಗಿತು. ಆಗ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಒಂದು ಪ್ರಶ್ನೆ ಕೇಳಿತು: ಜೋಡಿಸುವುದಷ್ಟೇ ಸಾಕೇ, ಭಾಗಗಳನ್ನು ಇಲ್ಲಿಯೇ ತಯಾರಿಸಬಾರದೇ? 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ತಯಾರಿಕೆಯ ಯೋಜನೆ ಇಲ್ಲದ ಜೋಡಣೆದಾರರು ಬಾಗಿಲು ಮುಚ್ಚಬೇಕಾಯಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಹೊರಟುಹೋದವು. ಅದಕ್ಕೂ ಮೊದಲೇ 1951ರ ಕೈಗಾರಿಕಾ ಕಾಯ್ದೆ ಬಂದಿತ್ತು. ಕಾರು ತಯಾರಿಸಲು ದಿಲ್ಲಿಯ ಪರವಾನಗಿ ಬೇಕೆಂದಾಯಿತು. ಈ ನೀತಿಯನ್ನು ಇಂದು ಬಯ್ಯುವುದು ಸುಲಭ. ಬಿಡಿಭಾಗಗಳನ್ನು ಮಾಡುವ ನೂರಾರು ಸಣ್ಣ ಕಾರ್ಖಾನೆಗಳು ಹುಟ್ಟಿದ್ದೂ ಇದೇ ನೀತಿಯಿಂದ ಎಂಬುದನ್ನು ಮರೆಯಬಾರದು. ಆದರೆ ಒಬ್ಬಂಟಿ ಮನುಷ್ಯನ ಪಾಡು?

ಹುಬ್ಬಳ್ಳಿಯಿಂದ ಪುಣೆ ಹೆದ್ದಾರಿ ಹಿಡಿದು ಧಾರವಾಡ, ಬೆಳಗಾವಿ, ನಿಪ್ಪಾಣಿ ದಾಟಿ ಕಾಗಲ್ ಬಳಿ ಬಲಕ್ಕೆ ಹೊರಳಿದರೆ ಇಚಲಕರಂಜಿ ಸಿಗುತ್ತದೆ. ಸುಮಾರು 200 ಕಿಲೋಮೀಟರು. ಕೊಲ್ಹಾಪುರ ಜಿಲ್ಲೆಯ ಈ ಊರು ಮಗ್ಗಗಳಿಗೆ ಹೆಸರಾದದ್ದು. ಮರಾಠಿಯ ಜೊತೆಗೆ ಕನ್ನಡವೂ ಕಿವಿಗೆ ಬೀಳುವ ಗಡಿಯ ಊರು. ಅಲ್ಲಿ ಶಂಕರರಾವ್ ಕುಲಕರ್ಣಿ ಎಂಬುವರು 1940ರ ದಶಕದ ಕೊನೆಯಲ್ಲಿ ಒಂದು ಪುಟ್ಟ ಕಾರನ್ನು ಕಟ್ಟಲು ಕುಳಿತರು. ಅವರ ಬಳಿ ಎಂಜಿನಿಯರಿಂಗ್ ಪದವಿ ಇರಲಿಲ್ಲ, ದೊಡ್ಡ ಕಂಪನಿಯ ಬೆಂಬಲವೂ ಇರಲಿಲ್ಲ. ಮೊದಲ ಮಾದರಿಯಲ್ಲಿ ಇಬ್ಬರಷ್ಟೇ ಕೂರಬಹುದಿತ್ತು. ಅದನ್ನು ತಿದ್ದಿ ಇನ್ನೊಂದು, ಅದನ್ನೂ ತಿದ್ದಿ ಮತ್ತೊಂದು ಎಂದು 1970ರ ದಶಕದವರೆಗೂ ಮಾದರಿಗಳನ್ನು ಮಾಡುತ್ತಲೇ ಹೋದರು. ಕಾರಿಗೆ ಇಟ್ಟ ಹೆಸರು 'ಮೀರಾ'. ಅದರ ಬೆಲೆ ಸುಮಾರು 12,000 ರೂಪಾಯಿಯಲ್ಲಿ ನಿಲ್ಲಬೇಕೆಂಬುದು ಅವರ ಹಟ.

ಮೀರಾದ ಒಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಲ್ಲಿ ಒಬ್ಬ ಕಸುಬುದಾರನ ತಲೆ ಹೇಗೆ ಓಡುತ್ತದೆಂಬುದು ಕಾಣುತ್ತದೆ. ಆ ಕಾಲದ ಕಾರುಗಳಲ್ಲಿ ರಸ್ತೆಯ ಕುಲುಕಾಟ ತಡೆಯಲು ಉಕ್ಕಿನ ಪಟ್ಟಿಗಳ ಕಮಾನು ಅಥವಾ ಸುರುಳಿ ಸ್ಪ್ರಿಂಗ್ ಇರುತ್ತಿದ್ದವು. ಒಳ್ಳೆಯ ಸ್ಪ್ರಿಂಗಿಗೆ ಒಳ್ಳೆಯ ಉಕ್ಕು ಬೇಕು, ಅದನ್ನು ಹದವಾಗಿ ಕಾಯಿಸಿ ತಣಿಸುವ ಕುಲುಮೆ ಬೇಕು, ಎಣ್ಣೆ ಗ್ರೀಸುಗಳ ಉಪಚಾರ ಬೇಕು. ಕುಲಕರ್ಣಿಯವರು ಅದರ ಬದಲು ರಬ್ಬರನ್ನು ಬಳಸಿದರು. ರಬ್ಬರಿನ ಗುಣವೆಂದರೆ ಸ್ವಲ್ಪ ಒತ್ತಿದಾಗ ಸುಲಭವಾಗಿ ಕುಗ್ಗುತ್ತದೆ, ಇನ್ನಷ್ಟು ಒತ್ತಿದಂತೆ ಗಟ್ಟಿಯಾಗುತ್ತ ಹೋಗುತ್ತದೆ. ಸಣ್ಣ ಕಾರಿನಲ್ಲಿ ಒಬ್ಬ ಕೂತಾಗ ಇರುವ ಭಾರಕ್ಕೂ ಸಂಸಾರವೇ ಕೂತಾಗ ಇರುವ ಭಾರಕ್ಕೂ ಬಹಳ ಅಂತರವಿರುವುದರಿಂದ ಈ ಗುಣ ಅನುಕೂಲಕ್ಕೆ ಬರುತ್ತದೆ. 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಜಗತ್ಪ್ರಸಿದ್ಧ 'ಮಿನಿ' ಕಾರೂ ರಬ್ಬರಿನ ಮೇಲೆಯೇ ನಿಂತಿತ್ತು. ಅತ್ತ ದೊಡ್ಡ ಕಂಪನಿಯ ವಿನ್ಯಾಸಕಾರರು, ಇತ್ತ ಮಗ್ಗದೂರಿನ ಒಬ್ಬ ಕುಶಲಿ. ಇಬ್ಬರಿಗೂ ಒಂದೇ ದಾರಿ ಹೊಳೆದದ್ದು ನನಗಂತೂ ಬಹಳ ಹಿಡಿಸಿದ ಸಂಗತಿ.

ಮೀರಾ ಮಾರುಕಟ್ಟೆಗೆ ಬರಲಿಲ್ಲ. ಮಾದರಿಗಳು ರಸ್ತೆಯ ಮೇಲೆ ಓಡಿದವು, ಜನ ನೋಡಿ ಮೆಚ್ಚಿದರು. ಆದರೆ ಒಂದು ಕಾರು ಓಡುವುದು ಬೇರೆ, ಸಾವಿರ ಕಾರು ತಯಾರಾಗುವುದು ಬೇರೆ. ಅದಕ್ಕೆ ಜಾಗ, ಬಂಡವಾಳ, ಪರವಾನಗಿ, ತೆರಿಗೆಯ ರಿಯಾಯಿತಿ ಎಲ್ಲವೂ ಒಟ್ಟಿಗೆ ಕೂಡಿಬರಬೇಕಾಗಿತ್ತು, ಕೂಡಿಬರಲಿಲ್ಲ.

ಅದೇ ಕಾಲದಲ್ಲಿ ದಿಲ್ಲಿಯ ಗುಲಾಬಿ ಬಾಗ್‌ನ ಒಂದು ಶೆಡ್ಡಿನಲ್ಲಿಯೂ ಒಂದು ಕಾರು ತಯಾರಾಗುತ್ತಿತ್ತು. ಮಾಡುತ್ತಿದ್ದವರು ಪ್ರಧಾನಿ ಇಂದಿರಾ ಗಾಂಧಿಯವರ ಮಗ ಸಂಜಯ ಗಾಂಧಿ. 1970ರಲ್ಲಿ ವರ್ಷಕ್ಕೆ 50,000 ಕಾರು ತಯಾರಿಸಲು ಅವರಿಗೆ ಸರ್ಕಾರದ ಸಮ್ಮತಿಪತ್ರ ಸಿಕ್ಕಿತು, 1971ರಲ್ಲಿ ಮಾರುತಿ ಕಂಪನಿ ಸ್ಥಾಪನೆಯಾಯಿತು. ಆ ಕಂಪನಿಯಿಂದ ಜನರಿಗೆ ಕಾರು ಬರಲಿಲ್ಲ. ಮುಂದೆ ಸರ್ಕಾರವೇ ಅದನ್ನು ವಹಿಸಿಕೊಂಡು ಜಪಾನಿನ ಸುಜುಕಿಯ ಜೊತೆ ಕೈಜೋಡಿಸಿತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಗಿರಾಕಿಯ ಕೈಸೇರಿತು. ಎರಡು ಶೆಡ್ಡುಗಳು, ಎರಡು ಮಾದರಿ ಕಾರುಗಳು. ಒಂದಕ್ಕೆ ಪರವಾನಗಿ ಸಿಕ್ಕಿತು, ಒಂದಕ್ಕೆ ಸಿಗಲಿಲ್ಲ. ಏಕೆ ಎಂಬುದನ್ನು ನಿಮ್ಮ ಇತಿಹಾಸದ ಅಧ್ಯಾಪಕರೊಡನೆ ಕೂತು ಚರ್ಚಿಸಿ.

ಇನ್ನು ಬೆಂಗಳೂರಿನ ಕಥೆ. 1970ರ ದಶಕದಲ್ಲಿ ಸನ್‌ರೈಸ್ ಆಟೋಮೋಟಿವ್ ಎಂಬ ಸಂಸ್ಥೆ 'ಬಾದಲ್' ಎಂಬ ಮೂರು ಗಾಲಿಯ ಕಾರನ್ನು ತಂದಿತು. ಮುಂದೆ ಒಂದು ಗಾಲಿ, ಹಿಂದೆ ಎರಡು, ಹಿಂಭಾಗದಲ್ಲಿ 198 ಸಿ.ಸಿ.ಯ ಸಣ್ಣ ಎಂಜಿನ್. ಅದೇ ಸಂಸ್ಥೆ ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂಬ ಹೆಸರು ಪಡೆದು, 1982ರಲ್ಲಿ ಬ್ರಿಟನ್ನಿನ ರಿಲಯಂಟ್ ಕಂಪನಿಯ 'ಕಿಟನ್' ಕಾರಿನ ವಿನ್ಯಾಸದಲ್ಲಿ 848 ಸಿ.ಸಿ.ಯ 'ಡಾಲ್ಫಿನ್' ಕಾರನ್ನು ಹೊರತಂದಿತು. ಈ ಕಾರುಗಳ ಮೈ ತಗಡಿನದಲ್ಲ, ಫೈಬರ್ ಗ್ಲಾಸಿನದು.

ಫೈಬರ್ ಗ್ಲಾಸನ್ನೇ ಏಕೆ ಆರಿಸಿದರು? ತಗಡಿನ ಬಾಗಿಲೊಂದನ್ನು ಒತ್ತಿ ತೆಗೆಯಲು ಮನೆಗಿಂತ ದೊಡ್ಡ ಪ್ರೆಸ್ಸು ಬೇಕು, ಪ್ರತಿ ಭಾಗಕ್ಕೂ ಬೇರೆ ಬೇರೆ ಉಕ್ಕಿನ ಅಚ್ಚು ಬೇಕು. ಲಕ್ಷಗಟ್ಟಲೆ ಕಾರು ಮಾರುವವರಿಗೆ ಮಾತ್ರ ಆ ಖರ್ಚು ಗಿಟ್ಟುತ್ತದೆ. ಫೈಬರ್ ಗ್ಲಾಸಿನದು ಗಣಪತಿ ಮಾಡುವವರ ವಿದ್ಯೆಗೆ ಹತ್ತಿರದ್ದು. ಮೊದಲು ಮರ, ಪ್ಲಾಸ್ಟರುಗಳಲ್ಲಿ ಕಾರಿನ ಆಕಾರ ಮಾಡಿ ನುಣುಪಾಗಿ ಉಜ್ಜುತ್ತಾರೆ. ಅದರ ಮೇಲೆ ಅಚ್ಚು ತೆಗೆಯುತ್ತಾರೆ. ಅಚ್ಚಿನ ಒಳಮೈಗೆ ಮೇಣ ಸವರಿ, ಬಣ್ಣದ ರಾಳ ಬಳಿದು, ಗಾಜಿನ ನೂಲಿನ ಹಾಸುಗಳನ್ನು ಒಂದರ ಮೇಲೊಂದು ಇಟ್ಟು ರಾಳದಲ್ಲಿ ನೆನೆಸಿ, ಗಾಳಿಗುಳ್ಳೆ ಉಳಿಯದಂತೆ ರೋಲರಿನಿಂದ ಒತ್ತುತ್ತಾರೆ. ಗಟ್ಟಿಯಾದ ಮೇಲೆ ಬಿಡಿಸಿದರೆ ಕಾರಿನ ಮೈ ಸಿದ್ಧ. ನಾಲ್ಕು ಜನ, ಒಂದು ಶೆಡ್ಡು ಇದ್ದರೆ ಆಗುವ ಕೆಲಸ. ಇಂಗ್ಲೆಂಡಿನ ಮನೆಗಳಲ್ಲಿ ಜೋಡಿಸುವ ಕಾರುಗಳೂ ಬಹುತೇಕ ಇದೇ ಉಪಾಯದಿಂದ ಬದುಕಿದವು. ತುಕ್ಕು ಹಿಡಿಯುವುದಿಲ್ಲ ಎಂಬುದು ಇನ್ನೊಂದು ಲಾಭ. ನಿಧಾನದ ಕೆಲಸ ಎಂಬುದು ದೋಷ. ಒಂದು ಅಚ್ಚಿನಿಂದ ದಿನಕ್ಕೆ ಬರುವ ಮೈಗಳು ಬೆರಳೆಣಿಕೆಯವು.

ಡಾಲ್ಫಿನ್ ಹಗುರವಾಗಿತ್ತು, ಚುರುಕಾಗಿತ್ತು, ಕಾರು ಓಟದ ಹವ್ಯಾಸಿಗಳಿಗೆ ಪ್ರಿಯವಾಗಿತ್ತು. ಆದರೆ ಅದು ಬಂದ ಮರುವರ್ಷವೇ ಮಾರುತಿ ಬಂತು. ಸಿಪಾನಿಯವರು 1987ರಲ್ಲಿ ನಾಲ್ಕು ಬಾಗಿಲಿನ 'ಮೊಂಟಾನಾ' ಮಾಡಿದರು, ಇನ್ನೂ ಕೆಲವು ಪ್ರಯತ್ನ ಮಾಡಿದರು, 1990ರ ದಶಕದಲ್ಲಿ ಕೆಲಸ ನಿಂತಿತು. ಕಾರು ತಯಾರಿಕೆಗೆ ಪರವಾನಗಿ ಬೇಕಿಲ್ಲವೆಂದು ಸರ್ಕಾರ ಹೇಳಿದ್ದು 1993ರಲ್ಲಿ. ಆಗ ಬಾಗಿಲು ತೆರೆದದ್ದು ನಿಜ, ಒಳಗೆ ಬಂದವರು ಮಾತ್ರ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು.

ಹಾಗೆಂದು ಕಥೆ ಸೋಲಿನದೇ ಎಂದುಕೊಳ್ಳಬೇಡಿ. ಬೆಂಗಳೂರಿನ ಚೇತನ್ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಸಹಪಾಠಿಗಳೊಡನೆ ಸೇರಿ ಸೌರಶಕ್ತಿಯ ಕಾರು ಕಟ್ಟಿದ ತಂಡದಲ್ಲಿದ್ದರು. 'ಸನ್‌ರನ್ನರ್' ಎಂಬ ಆ ಕಾರು 1990ರಲ್ಲಿ ಅಮೆರಿಕದ ಸ್ಪರ್ಧೆ ಗೆದ್ದು, ಅದೇ ವರ್ಷ ಆಸ್ಟ್ರೇಲಿಯಾದ ಮರುಭೂಮಿಯನ್ನು ಹಾಯ್ದು ಮೂರನೆಯ ಸ್ಥಾನ ಪಡೆಯಿತು. ಮೈನಿ ಊರಿಗೆ ಮರಳಿ, 2001ರಲ್ಲಿ ಬೆಂಗಳೂರಿನಿಂದ 'ರೇವಾ' ಎಂಬ ವಿದ್ಯುತ್ ಕಾರನ್ನು ಹೊರತಂದರು. ಅದರ ಒಳರಚನೆಯನ್ನು ನೋಡಿ: ಉಕ್ಕಿನ ಕೊಳವೆಗಳ ಪಂಜರ, ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಶೆಡ್ಡಿನ ಕಾರಿನ ಅಂಗರಚನೆಯೇ ಅದು! ಲಂಡನ್ನಿನ ರಸ್ತೆಗಳಲ್ಲಿ ಅದು 'ಜಿ-ವಿಜ್' ಎಂಬ ಹೆಸರಿನಿಂದ ಓಡಿತು. ಅಲ್ಲಿ ಅದು ಭಾರವಾದ ಚತುಷ್ಚಕ್ರಿಯ ವರ್ಗಕ್ಕೆ ಸೇರಿದ್ದರಿಂದ, ಪೂರ್ಣ ಕಾರಿಗೆ ಬೇಕಾದ ಡಿಕ್ಕಿಯ ಪರೀಕ್ಷೆಗಳು ಅದಕ್ಕೆ ಕಡ್ಡಾಯವಾಗಿರಲಿಲ್ಲ. ಇದು ಟೀಕೆಗೂ ಗುರಿಯಾಯಿತು, ಆ ಟೀಕೆಯಲ್ಲಿ ಹುರುಳೂ ಇತ್ತು. 2010ರಲ್ಲಿ ಕಂಪನಿ ಮಹೀಂದ್ರಾ ಕೈಸೇರಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನೀವು ಉಣಕಲ್ಲಿನಲ್ಲೋ ಸಪ್ತಾಪುರದಲ್ಲೋ ಮನೆಯ ಶೆಡ್ಡಿನಲ್ಲಿ ಒಂದು ಕಾರು ಕಟ್ಟಿದಿರಿ ಎನ್ನಿ. ಬೆಸುಗೆ ಹಾಕುವವರಿಗೆ, ಲೇತು ಹಿಡಿಯುವವರಿಗೆ ನಮ್ಮ ಅವಳಿ ನಗರದಲ್ಲಿ ಬರವಿಲ್ಲ. 1880ರ ದಶಕದಿಂದ ಇರುವ ರೈಲ್ವೆ ವರ್ಕ್‌ಷಾಪು ತಲೆಮಾರುಗಟ್ಟಲೆ ಕಬ್ಬಿಣದ ಕೆಲಸ ಕಲಿಸಿದೆ. ಧಾರವಾಡದ ಬಳಿಯ ಟಾಟಾ ಕಾರ್ಖಾನೆಯಲ್ಲಿ ಬಸ್ಸುಗಳು ತಯಾರಾಗುತ್ತವೆ. ಕಾರು ತಯಾರಾಯಿತು, ಓಡಿತು ಕೂಡ. ಆದರೆ ಅದನ್ನು ಬೀದಿಗೆ ಇಳಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಂತೆ ನೋಂದಣಿ ಇಲ್ಲದ ವಾಹನ ರಸ್ತೆಗೆ ಬರಬಾರದು. 1989ರ ಕೇಂದ್ರ ನಿಯಮಗಳ 126ನೆಯ ನಿಯಮದಂತೆ ವಾಹನದ ಮೂಲಮಾದರಿಯನ್ನು ಪುಣೆಯ ಆಟೋಮೋಟಿವ್ ಸಂಶೋಧನಾ ಸಂಸ್ಥೆಯಂಥ ಕಡೆ ಪರೀಕ್ಷೆಗೆ ಒಪ್ಪಿಸಿ ಪ್ರಮಾಣಪತ್ರ ತರಬೇಕು. ಬ್ರೇಕು, ದೀಪ, ಹೊಗೆ ಹೀಗೆ ಪರೀಕ್ಷೆಗಳ ಸಾಲೇ ಇದೆ. ಸಾವಿರಾರು ಕಾರು ಮಾರುವ ಕಂಪನಿಗೆ ಆ ಖರ್ಚು ಹಂಚಿಹೋಗುತ್ತದೆ. ಒಂದೇ ಕಾರು ಮಾಡಿದ ನಿಮಗೆ ಕಾರಿಗಿಂತ ಪ್ರಮಾಣಪತ್ರವೇ ತುಟ್ಟಿ.

ನಿಯಮ ತಪ್ಪೆಂದು ನಾನು ಹೇಳಲಾರೆ. ನಿಮ್ಮ ಬೆಸುಗೆ ಬಿಟ್ಟು ಗಾಲಿ ಕಳಚಿದರೆ ಪೆಟ್ಟು ತಿನ್ನುವವನು ಬೀದಿಯಲ್ಲಿ ಸೈಕಲ್ ಹೊಡೆಯುತ್ತಿರುವ ಬೇರೊಬ್ಬ. ಆದರೆ ಬ್ರಿಟನ್ನಿನಲ್ಲಿ ಬೇರೊಂದು ದಾರಿ ಮಾಡಿದ್ದಾರೆ. ಒಬ್ಬ ಪರೀಕ್ಷಕ ಆ ಒಂದೇ ಕಾರನ್ನು ಇಡಿಯಾಗಿ ನೋಡಿ, ತೂಗಿ, ಬ್ರೇಕು ಒತ್ತಿ, ಸರಿಯಿದ್ದರೆ ಅದೊಂದಕ್ಕೇ ಒಪ್ಪಿಗೆ ಕೊಡುತ್ತಾನೆ. 1998ರಿಂದ ಅಂಥ ಪರೀಕ್ಷೆ ಅಲ್ಲಿದೆ, 2009ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಮನೆಯಲ್ಲಿ ಕಟ್ಟಿದ ಒಂಟಿ ಕಾರಿಗಾಗಿ ಇಂಥದೊಂದು ಬಾಗಿಲು ನಮ್ಮಲ್ಲಿ ಇದ್ದಿದ್ದರೆ ಎಷ್ಟು ಮೀರಾಗಳು ಹುಟ್ಟುತ್ತಿದ್ದವೋ ಎಂದು ಅನಿಸದೆ ಇರದು.

ಸದ್ಯಕ್ಕೆ ಇರುವ ದಾರಿ ಕಾಲೇಜಿನ ಕಾರ್ಯಾಗಾರ. 'ಬಾಹಾ' ಎಂಬ ಸ್ಪರ್ಧೆ 1976ರಲ್ಲಿ ಅಮೆರಿಕದಲ್ಲಿ ಶುರುವಾಯಿತು, 2007ರಲ್ಲಿ ಭಾರತಕ್ಕೆ ಬಂತು. ವಿದ್ಯಾರ್ಥಿಗಳು ಒಬ್ಬರೇ ಕೂರುವ, ಕಲ್ಲುಮಣ್ಣಿನ ಹಾದಿಯಲ್ಲಿ ಓಡಬಲ್ಲ ಗಾಡಿಯನ್ನು ತಾವೇ ಲೆಕ್ಕ ಹಾಕಿ, ತಾವೇ ಕೊಳವೆ ಬಾಗಿಸಿ ಕಟ್ಟಬೇಕು. ಪೆಟ್ರೋಲ್ ಗಾಡಿಗಳಿಗೆಲ್ಲ ಒಂದೇ ಬಗೆಯ ಸಣ್ಣ ಎಂಜಿನ್. ಆದ್ದರಿಂದ ಹಣವಂತರು ದೊಡ್ಡ ಎಂಜಿನ್ ತಂದು ಗೆಲ್ಲುವಂತಿಲ್ಲ. ವಿದ್ಯಾನಗರದಲ್ಲಿ 1947ರಲ್ಲಿ ಶುರುವಾದ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ, ಅಲ್ಲಿನ ಹುಡುಗರು, ಹುಡುಗಿಯರು ಇಂಥ ಸ್ಪರ್ಧೆಗಳಿಗೆ ಗಾಡಿ ಕಟ್ಟುತ್ತಾರೆ. ಸ್ಪರ್ಧೆಗೆ ಹೆಸರಾದ ಪೀತಂಪುರ ಇರುವುದು ಮಧ್ಯಪ್ರದೇಶದಲ್ಲಿ, ಇಂದೋರಿನ ಬಳಿ. ಅವರು ಕಟ್ಟಿದ ಗಾಡಿಗೂ ನಂಬರ್ ಪ್ಲೇಟಿಲ್ಲ. ಅದನ್ನು ಲಾರಿಯ ಮೇಲೆ ಏರಿಸಿ, ಹಗ್ಗ ಬಿಗಿದು, ಪುಣೆ ಹೆದ್ದಾರಿಯಲ್ಲಿ ಸಾಗಿಸುತ್ತಾರೆ. ದಾರಿಯಲ್ಲಿ ಕಾಗಲ್ ಬರುತ್ತದೆ, ಇಚಲಕರಂಜಿಗೆ ಹೊರಳುವ ರಸ್ತೆ ಅಲ್ಲಿಯೇ ಬಲಕ್ಕೆ ಸಿಗುತ್ತದೆ.