ಮುಳ್ಳು ಚುಚ್ಚಿದ್ದು ತಿಳಿಯಬೇಕಾದರೆ

ಹೈದರಾಬಾದಿನ ಕೂಕಟ್‌ಪಲ್ಲಿ ಎಂದರೆ ನಮ್ಮಂಥ ಐಟಿಯವರಿಗೆ ಅಪಾರ್ಟ್‌ಮೆಂಟು, ಟ್ರಾಫಿಕ್ಕು, ಮೆಟ್ರೋ. ಅಲ್ಲೇ 1958ರಲ್ಲಿ ವನಪರ್ತಿಯ ರಾಣಿ ಕುಮುದಿನಿ ದೇವಿ ಕುಷ್ಠರೋಗಿಗಳಿಗಾಗಿ ಶಿವಾನಂದ ಪುನರ್ವಸತಿ ಕೇಂದ್ರ ತೆರೆದರು. ಅದಕ್ಕೂ ಮೊದಲು, 1915ರಲ್ಲಿ, ನಿಜಾಮಾಬಾದಿನ ಬಳಿಯ ಡಿಚ್‌ಪಲ್ಲಿಯಲ್ಲಿ ಡಾ. ಇಸಬೆಲ್ ಕೆರ್ ಕುಷ್ಠರೋಗದ ಆಸ್ಪತ್ರೆ ಆರಂಭಿಸಿದ್ದರು. ಆಗ ನಮ್ಮ ರಾಯಚೂರು, ಕಲಬುರಗಿ, ಬೀದರ್ ಕೂಡ ನಿಜಾಮರ ರಾಜ್ಯದಲ್ಲೇ ಇದ್ದವು.

ನರ ಜೋಡಿಸುವ ವಿದ್ಯೆಯ ಚರಿತ್ರೆಯನ್ನು ಇಲ್ಲಿಂದ ಶುರುಮಾಡಲು ಕಾರಣವಿದೆ. ಕುಷ್ಠವನ್ನು ನಾವು ಚರ್ಮದ ರೋಗ ಎಂದುಕೊಂಡಿದ್ದೇವೆ. ಆದರೆ ಅದು ಕೈಕಾಲಿನ ನರಗಳನ್ನೂ ಕೆಡಿಸುತ್ತದೆ. 1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆ ರೋಗಾಣುವನ್ನು ಕೊಂದಿತು. ಸತ್ತ ನರ ಮಾತ್ರ ಮರಳಲಿಲ್ಲ. ಅಂಗಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯದೆ, ನಡೆದು ನಡೆದು ಹುಣ್ಣಾಗಿ, ಕಾಲನ್ನೇ ಕಳೆದುಕೊಂಡವರು ಎಷ್ಟೋ ಮಂದಿ.

ಕೇಬಲ್ ತುಂಡಾದರೆ ಜೋಡಿಸಿದ ಕೂಡಲೇ ಸಿಗ್ನಲ್ ಬರುತ್ತದೆ. ನರ ಹಾಗಲ್ಲ. ಕಡಿದ ತುದಿಯಿಂದ ಎಳೆಗಳು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತವೆ. ನಡುವೆ ಅಂತರವಿದ್ದರೆ ದಾರಿ ತಪ್ಪುತ್ತವೆ. ಆ ದಾರಿಗೊಂದು ಕೊಳವೆ ಇಡೋಣವೆಂದು 1880ರ ಸುಮಾರಿಗೇ ಯುರೋಪಿನಲ್ಲಿ ಗ್ಲುಕ್, ವಾನ್‌ಲೇರ್ ಮೂಳೆಯ ಕೊಳವೆ ಬಳಸಿ ನೋಡಿದರು. ನೂರು ವರ್ಷದ ನಂತರ ಸ್ವೀಡನ್ನಿನ ಲುಂಡ್‌ಬೋರ್ಗ್ ಸಿಲಿಕೋನ್ ಕೊಳವೆಯಲ್ಲಿ ಪ್ರಯೋಗ ಮಾಡಿದರು. ಆಮೇಲೆ ದೇಹದಲ್ಲೇ ಕರಗಿಹೋಗುವ ಕೊಲಾಜೆನ್ ಕೊಳವೆಗಳು ಬಂದವು. ಇವೆಲ್ಲ ಚಿಕ್ಕ ಅಂತರಕ್ಕೆ, ಹೆಚ್ಚೆಂದರೆ 3 ಸೆಂಟಿಮೀಟರಿಗೆ ಸರಿ. ಅದಕ್ಕಿಂತ ಉದ್ದವಾದರೆ ರೋಗಿಯ ಕಾಲಿನಿಂದಲೇ ಇನ್ನೊಂದು ನರ ತೆಗೆದು ಹಾಕುವುದು ರೂಢಿ. ಕುಷ್ಠರೋಗಿಯಲ್ಲಿ ಆ ನರವೂ ಕೆಟ್ಟಿರಬಹುದು!

ಇದಕ್ಕೆ ಬ್ರಿಟನ್ನಿನ ಗ್ಲಾಸ್ಬಿ ಮತ್ತು ಸಂಗಡಿಗರು ಕಂಡುಕೊಂಡ ಉಪಾಯ ಬಲು ಸರಳ. ರೋಗಿಯದೇ ಸ್ನಾಯುವಿನ ತುಂಡನ್ನು ದ್ರವ ನೈಟ್ರೋಜನ್ನಿನಲ್ಲಿ ಹೆಪ್ಪುಗಟ್ಟಿಸಿ ಕರಗಿಸಿದರೆ ಜೀವಕೋಶಗಳು ಸತ್ತು, ಅವುಗಳ ಸುತ್ತಲಿನ ಟೊಳ್ಳು ಹೊದಿಕೆಗಳು ಉಳಿಯುತ್ತವೆ. ನರದ ಎಳೆಗಳಿಗೆ ಅವೇ ಸಾವಿರಾರು ಸಣ್ಣ ಕೊಳವೆಗಳು. ತಮಿಳುನಾಡಿನಲ್ಲಿ ಕುಷ್ಠರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾ. ಪಾಲಂದೆ ಅವರು ಪೆರೇರಾ ಮುಂತಾದವರ ಜೊತೆ ಈ ಸ್ನಾಯುವನ್ನು ಕುಷ್ಠರೋಗಿಗಳ ನರಕ್ಕೆ ಜೋಡಿಸಿದರು. 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದರ ವರದಿ ಬಂತು. ಕೆಲವರ ಅಂಗಾಲಿಗೆ ಸ್ಪರ್ಶ ಮರಳಿತ್ತು.

ಜಗತ್ತಿನ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ಭಾರತದವರು. ದುಬಾರಿ ಕೊಳವೆಗಳ ಮಾತು ಬಂದಾಗಲೆಲ್ಲ ನನಗೆ ಈ ಅಗ್ಗದ ಸ್ನಾಯುವಿನ ತುಂಡು ನೆನಪಾಗುತ್ತದೆ. ಬರಿಗಾಲಲ್ಲಿ ನಡೆಯುವವನಿಗೆ ಮುಳ್ಳಿನ ನೋವು ತಿಳಿದರೆ ಸಾಕು, ಕಾಲು ಉಳಿಯುತ್ತದೆ.