ಪರದೆಗೆ ಕನ್ನಡ ತಂದ ಕಾರ್ಡು

ಗೋಕಾಕದಿಂದ ಬೇರೆಯಾಗಿ ತಾಲೂಕು ಕೇಂದ್ರವಾದ ಮೂಡಲಗಿಯಲ್ಲಿ ಇಂದು ಹುಡುಗನೊಬ್ಬ ಆಟದ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಕೆಟ್ಟರೆ ಹೊಸದನ್ನು ತರಿಸಿ ತಾನೇ ಜೋಡಿಸಿಕೊಳ್ಳಬಲ್ಲ. ಇದು ಬರೀ ಆಟದ ಸಾಮಾನು ಎಂದು ಹಿರಿಯರು ಮೂಗು ಮುರಿಯುವುದುಂಟು. ಆದರೆ ಈ ಕಾರ್ಡಿನ ಚರಿತ್ರೆಗೂ ನಮ್ಮ ಲಿಪಿಗೂ ಹತ್ತಿರದ ನಂಟಿದೆ.

1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯ ಏಕವರ್ಣ ಪರದೆಯ ಕಾರ್ಡು ಅಕ್ಷರಗಳನ್ನಷ್ಟೇ ಮೂಡಿಸುತ್ತಿತ್ತು. ಸಾಲಿಗೆ 80ರಂತೆ 25 ಸಾಲು. ಪ್ರತಿ ಅಕ್ಷರಕ್ಕೂ 9 ಚುಕ್ಕೆ ಅಗಲ, 14 ಚುಕ್ಕೆ ಎತ್ತರದ ಮನೆ. ಇಂಗ್ಲಿಷಿಗೆ ಇದು ಸಾಕು. ಕನ್ನಡದ ಒತ್ತಕ್ಷರ ಕೆಳಗಿಳಿಯುತ್ತದೆ, ಗುಣಿತ ಪಕ್ಕಕ್ಕೆ ಚಾಚುತ್ತದೆ. 'ಸ್ತ್ರೀ' ಎಂಬ ಒಂದೇ ಅಕ್ಷರ ಆ ಮನೆಯಲ್ಲಿ ಹಿಡಿಸೀತೆ?

ಇದು ನಮ್ಮೊಬ್ಬರ ಕಷ್ಟವಾಗಿರಲಿಲ್ಲ. ತಮ್ಮ ಪ್ರಬಂಧವನ್ನು ಥಾಯ್ ಲಿಪಿಯಲ್ಲಿ ಬರೆಯಬೇಕಾಗಿದ್ದ ವ್ಯಾನ್ ಸುವನ್ನುಕುಲ್ ಎಂಬುವರು 1982ರಲ್ಲಿ ಹರ್ಕ್ಯುಲಿಸ್ ಕಾರ್ಡನ್ನು ರೂಪಿಸಿದರು. ಪರದೆಯ ಪ್ರತಿ ಚುಕ್ಕೆಯನ್ನೂ ಬೇಕಾದಂತೆ ಬೆಳಗಿಸುವ ಆ ಕಾರ್ಡು ಜಗತ್ತಿನಾದ್ಯಂತ ಮಾರಾಟವಾಯಿತು.

ನಮ್ಮಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾದ ಕೆಲಸವನ್ನು ಮೋಹನ್ ತಾಂಬೆ ಮತ್ತು ಸಂಗಡಿಗರು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿಸಿದರು. ಹಾಗೆ ಬಂದದ್ದು 'ಜಿಸ್ಟ್' ಕಾರ್ಡು. ಕಂಪ್ಯೂಟರಿನ ಖಾಲಿ ಕಿಂಡಿಗೆ ಇದನ್ನು ಕೂರಿಸಿದರೆ ಸಾಕು, ಇಂಗ್ಲಿಷಿಗೆಂದೇ ಬರೆದ ಡಾಸ್ ತಂತ್ರಾಂಶಗಳಲ್ಲೂ ಕನ್ನಡ ಮೂಡುತ್ತಿತ್ತು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತ ಕ್ರಮ ಇದರ ತಳಹದಿ. ಆದ್ದರಿಂದ ಕನ್ನಡದಲ್ಲಿ ಬರೆದ ಹೆಸರನ್ನು ದೇವನಾಗರಿಯಲ್ಲೂ ಕಾಣಬಹುದಿತ್ತು. ಕನ್ನಡ-ಮರಾಠಿ ಎರಡೂ ಬಳಕೆಯಲ್ಲಿರುವ ಬೆಳಗಾವಿ ಸೀಮೆಯವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ. 'ಇಸ್ಕಿ' ಎಂಬ ಈ ಸಂಕೇತ ಕ್ರಮ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಬಂದ ಯೂನಿಕೋಡ್ ನಮ್ಮ ಲಿಪಿಗಳ ಮಟ್ಟಿಗೆ 1988ರ ಇಸ್ಕಿಯ ಜೋಡಣೆಯನ್ನೇ ಅನುಸರಿಸಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ವಿಶೇಷ ಕಾರ್ಡೇ ಬೇಕಾಗಲಿಲ್ಲ. ಅಷ್ಟರಲ್ಲಿ ಗ್ರಾಫಿಕ್ಸ್ ಕಾರ್ಡು ಆಟದ ಕಡೆ ಹೊರಳಿತ್ತು. 1999ರ ಜೀಫೋರ್ಸ್ 256 ಆ ಹೊಸ ಯುಗದ ಹೆಗ್ಗುರುತು.

ಇಂದಿನ ಕಾರ್ಡು ಕೂರುವುದು ಪಿ.ಸಿ.ಐ. ಎಕ್ಸ್‌ಪ್ರೆಸ್ ಕಿಂಡಿಯಲ್ಲಿ. ಕೊಳ್ಳುವ ಮುನ್ನ ಮೂರು ಅಳತೆ ಮುಖ್ಯ: ಪೆಟ್ಟಿಗೆಯೊಳಗಿನ ಜಾಗದ ಉದ್ದ, ವಿದ್ಯುತ್ ಪೂರೈಕೆಯ ಪೆಟ್ಟಿಗೆಯ ವ್ಯಾಟ್ ಸಾಮರ್ಥ್ಯ ಮತ್ತು ಅದರ ತಂತಿಗಳ ತುದಿ, ಪರದೆಯ ಚುಕ್ಕೆಗಳ ಸಂಖ್ಯೆ. ಸಾಧಾರಣ ಪರದೆಗೆ ದುಬಾರಿ ಕಾರ್ಡು ತಂದರೆ ದುಡ್ಡು ದಂಡ. ಜೋಡಿಸುವಾಗ ವಿದ್ಯುತ್ ತಂತಿ ಕಿತ್ತು, ಪೆಟ್ಟಿಗೆಯ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ತಿರುಪು ಬಿಚ್ಚಿ, ಕಿಂಡಿಯ ತುದಿಯ ಚಿಲಕ ಒತ್ತಿ ಹಳೆಯದನ್ನು ತೆಗೆಯಬೇಕು. ಹೊಸದನ್ನು ಚಿಲಕ ಬೀಳುವವರೆಗೆ ಸಮನಾಗಿ ಒತ್ತಿ, ತಿರುಪು ಬಿಗಿದು, ವಿದ್ಯುತ್ ತಂತಿ ಸಿಕ್ಕಿಸಬೇಕು. ಪರದೆಯ ತಂತಿಯನ್ನು ಹೊಸ ಕಾರ್ಡಿಗೇ ಚುಚ್ಚಿ, ಅದರ ಚಾಲಕ ತಂತ್ರಾಂಶ ಹಾಕಿದರೆ ಕೆಲಸ ಮುಗಿಯಿತು.

ಕಾರ್ಡು ಬದಲಿಸಿದರೆ ಕಡತಗಳಿಗೆ ಧಕ್ಕೆಯಿಲ್ಲ. ಅವು ಇರುವುದು ಡಿಸ್ಕಿನಲ್ಲಿ. ಕಳೆದುಹೋಗುವುದು ಹಳೆಯ ಯಂತ್ರವನ್ನೇ ಗುಜರಿಗೆ ಹಾಕಿದಾಗ. ಇಸ್ಕಿಯ ಬರಹವನ್ನು ಯೂನಿಕೋಡಿಗೆ ತರುವುದು ಸುಲಭ. ಆದರೆ ಒಂದೊಂದು ಫಾಂಟಿಗೆ ಒಂದೊಂದು ಸಂಕೇತವಿದ್ದ ಕಾಲದ ಬರಹ ಆ ಫಾಂಟೋ ಪರಿವರ್ತಕವೋ ಇಲ್ಲದಿದ್ದರೆ ಅರ್ಥವಿಲ್ಲದ ಗುರುತುಗಳ ರಾಶಿ. ಸಂಘದ ಠರಾವು, ಅಜ್ಜನ ಲೇಖನ, ಊರಿನ ಇತಿಹಾಸ ಅದರಲ್ಲಿ ಇದ್ದೀತು. ಅಟ್ಟದ ಕಂಪ್ಯೂಟರನ್ನು ಗುಜರಿಯವನ ತಕ್ಕಡಿಗೆ ಏರಿಸುವ ಮುನ್ನ, ಒಳಗಿನ ಕನ್ನಡವನ್ನು ಒಮ್ಮೆ ಹೊರತೆಗೆದುಕೊಳ್ಳುವುದು ಒಳ್ಳೆಯದು.