ಸೆಸೊಥೊ ಅಧ್ಯಯನದ ಚರಿತ್ರೆ: ಮಿಷನ್ ಮುದ್ರಣಾಲಯದಿಂದ ವಿಶ್ವವಿದ್ಯಾಲಯದವರೆಗೆ

ಯಾವುದೇ ಭಾಷೆ ವಿಶ್ವವಿದ್ಯಾಲಯದ ಅಧ್ಯಯನ ವಿಷಯವಾಗುವ ಮೊದಲು ಅದಕ್ಕೆ ಲಿಪಿ, ಕಾಗುಣಿತ, ನಿಘಂಟು, ವ್ಯಾಕರಣ ಹಾಗೂ ಪಠ್ಯಗಳು ಒದಗಬೇಕಾಗುತ್ತದೆ. ಇವುಗಳನ್ನು ಒದಗಿಸಿದವರು ಯಾರು ಎಂಬುದರ ಮೇಲೆ ಆ ಭಾಷೆಯ ಅಧ್ಯಯನದ ಸ್ವರೂಪವೂ ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಆಫ್ರಿಕಾ ಖಂಡದ ದಕ್ಷಿಣ ಭಾಗದ ಸೆಸೊಥೊ ಭಾಷೆ ಇದಕ್ಕೆ ಒಂದು ಉತ್ತಮ ನಿದರ್ಶನ. ನಾಲ್ಕೂ ಕಡೆ ದಕ್ಷಿಣ ಆಫ್ರಿಕಾದಿಂದ ಸುತ್ತುವರಿದ ಲೆಸೊಥೊ ಎಂಬ ಪರ್ವತ ರಾಷ್ಟ್ರದಲ್ಲಿಯೂ ದಕ್ಷಿಣ ಆಫ್ರಿಕಾದ ಫ್ರೀ ಸ್ಟೇಟ್, ಗೌಟೆಂಗ್ ಮೊದಲಾದ ಪ್ರಾಂತಗಳಲ್ಲಿಯೂ ಬಾಸೊಥೊ ಜನರು ಆಡುವ ಭಾಷೆ ಇದು. 2011ರ ಜನಗಣತಿಯಂತೆ ದಕ್ಷಿಣ ಆಫ್ರಿಕಾ ಒಂದರಲ್ಲಿಯೇ 38 ಲಕ್ಷಕ್ಕೂ ಹೆಚ್ಚು ಜನರಿಗೆ ಇದು ಮನೆಮಾತಾಗಿತ್ತು. ಜನರ ನಾಲಗೆಯ ಮೇಲಿದ್ದ ಈ ಭಾಷೆ ಪಠ್ಯವಾಗಿ ಮಾರ್ಪಟ್ಟಾಗ ಅದರ ಬಗೆಗೆ ಮಾತನಾಡುವ ಅಧಿಕಾರ ಯಾರ ಕೈ ಸೇರಿತು, ಯಾವಾಗ ಮತ್ತು ಎಷ್ಟರಮಟ್ಟಿಗೆ ಅದು ಭಾಷಿಕರಿಗೆ ಮರಳಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊರಿಜಾದ ಮುದ್ರಣಾಲಯ

ಬಾಸೊಥೊ ಜನಾಂಗವನ್ನು ಒಗ್ಗೂಡಿಸಿದ ದೊರೆ ಮೊಶ್ವೆಶ್ವೆಯು ಥಾಬಾ ಬೊಸಿಯು ಎಂಬ ಗಿರಿದುರ್ಗದಿಂದ ಆಳುತ್ತಿದ್ದ ಕಾಲದಲ್ಲಿ, ಅಂದರೆ 1833ರಲ್ಲಿ, ಪ್ಯಾರಿಸ್ ಇವ್ಯಾಂಜೆಲಿಕಲ್ ಮಿಷನ್ನಿನ ಯೂಜೀನ್ ಕಸಾಲಿಸ್, ತೊಮಾ ಆರ್ಬೂಸೆ ಮತ್ತು ಕಾನ್‌ಸ್ತಾನ್ ಗೊಸ್ಲಾಂ ಎಂಬ ಮೂವರು ಅಲ್ಲಿಗೆ ಬಂದರು. ಅದೇ ವರ್ಷ ಮೊರಿಜಾ ಎಂಬಲ್ಲಿ ಮಿಷನ್ ಕೇಂದ್ರ ಸ್ಥಾಪನೆಯಾಯಿತು. ಕಸಾಲಿಸ್ 1841ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಗ್ರಂಥವೇ ಈ ಭಾಷೆಯ ಆರಂಭದ ಮಹತ್ವದ ಅಧ್ಯಯನ. ಆದರೆ ಆ ಗ್ರಂಥದ ಶೀರ್ಷಿಕೆಯಲ್ಲಿ ಭಾಷೆಯ ಹೆಸರು 'ಸೆಚುವಾನಾ' ಎಂದಿದೆಯೇ ಹೊರತು ಸೆಸೊಥೊ ಎಂದಿಲ್ಲ. ಇಂದು ಸೆಸೊಥೊ, ಸೆತ್ಸ್ವಾನಾ ಮತ್ತು ಉತ್ತರ ಸೊಥೊ ಎಂಬ ಮೂರು ಪ್ರತ್ಯೇಕ ಭಾಷೆಗಳೆಂದು ಪರಿಗಣಿತವಾಗಿರುವ ಈ ನುಡಿಗಳು ಪರಸ್ಪರ ಬಹಳ ಹತ್ತಿರದವು. ಫ್ರೆಂಚ್ ಮಿಷನ್ ಒಂದು ಕಡೆ, ಲಂಡನ್ ಮಿಷನ್ ಇನ್ನೊಂದು ಕಡೆ, ಬರ್ಲಿನ್ ಮಿಷನ್ ಮತ್ತೊಂದು ಕಡೆ ತಮ್ಮ ತಮ್ಮ ಕಾಗುಣಿತಗಳನ್ನು ರೂಪಿಸಿ ಗ್ರಂಥಗಳನ್ನು ಅಚ್ಚು ಹಾಕಿಸಿದ್ದು ಇವು ಬೇರೆ ಬೇರೆ ಸಾಹಿತ್ಯಕ ಭಾಷೆಗಳಾಗಿ ನೆಲೆಗೊಳ್ಳಲು ಒಂದು ಮುಖ್ಯ ಕಾರಣವಾಯಿತು.

1863ರಲ್ಲಿ ಅಡೋಲ್ಫ್ ಮಾಬೀಲ್ 'ಲೆಸೆಲಿನ್ಯಾನಾ ಲಾ ಲೆಸೊಥೊ' (ಲೆಸೊಥೊದ ಕಿರುಬೆಳಕು) ಎಂಬ ಪತ್ರಿಕೆಯನ್ನು ಆರಂಭಿಸಿದನು. 1881ರಲ್ಲಿ ಬೈಬಲ್ಲಿನ ಪೂರ್ಣ ಅನುವಾದ ಅಚ್ಚಾಯಿತು. ಧರ್ಮಪ್ರಚಾರಕ್ಕಾಗಿ ನಿರ್ಮಾಣವಾದ ಈ ಮುದ್ರಣ ವ್ಯವಸ್ಥೆಯನ್ನು ಸ್ಥಳೀಯರು ಬೇರೆಯದೇ ಉದ್ದೇಶಕ್ಕೆ ಬಳಸಿಕೊಂಡದ್ದು ಚರಿತ್ರೆಯ ಗಮನಾರ್ಹ ಸಂಗತಿ. ಅಜಾರಿಯೆಲೆ ಸೆಕೆಸೆ ತನ್ನ ಜನರ ಆಚಾರಗಳು, ಗಾದೆಗಳು ಮತ್ತು ಕತೆಗಳನ್ನು ಸಂಗ್ರಹಿಸಿ 1893ರಲ್ಲಿ ಮೊರಿಜಾದಿಂದ ಪುಸ್ತಕವಾಗಿ ಹೊರತಂದನು. ಸ್ವಿಸ್ ಮೂಲದ ಮಿಷನರಿ ಎದ್ವಾರ್ ಜಾಕೊತೆಯ ಪ್ರಸಿದ್ಧ ಕಥಾಸಂಗ್ರಹ 'ದಿ ಟ್ರೆಷರಿ ಆಫ್ ಬಾ-ಸುಟೊ ಲೋರ್' ಪ್ರಕಟವಾದದ್ದು 1908ರಲ್ಲಿ. ಬಾಸೊಥೊ ಜಾನಪದದ ಸಂಗ್ರಹಕಾರ್ಯವನ್ನು ಕೇವಲ ಯೂರೋಪಿಯನ್ನರ ಕೊಡುಗೆ ಎಂದು ಹೇಳುವುದು ಎಷ್ಟು ಅಸಮರ್ಪಕವೆಂಬುದು ಈ ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವೇದ್ಯವಾಗುತ್ತದೆ. 1921ರಲ್ಲಿ ಜೆಡ್. ಡಿ. ಮಾಂಗೊಆಯೆಲಾ ದೊರೆಗಳ ಸ್ತುತಿಕಾವ್ಯಗಳನ್ನು ಸಂಪಾದಿಸಿ ಪ್ರಕಟಿಸಿದನು.

ಇದೇ ಮುದ್ರಣಾಲಯದ ಬಳಗದಲ್ಲಿ ಬೆಳೆದ ಥಾಮಸ್ ಮೊಫೊಲೊನ ಮೊದಲ ಕಾದಂಬರಿ 'ಮೊಯೆತಿ ಓವಾ ಬೊಚಾಬೆಲಾ' 1907ರಲ್ಲಿ ಪುಸ್ತಕರೂಪದಲ್ಲಿ ಬಂದಿತು. ಆತನ ಮೇರುಕೃತಿ 'ಚಾಕಾ' 1910ರ ಸುಮಾರಿಗೇ ಸಿದ್ಧವಾಗಿತ್ತು. ಜುಲು ದೊರೆಯ ಜೀವನವನ್ನೂ ಮಾಂತ್ರಿಕ ಆಚರಣೆಗಳನ್ನೂ ಚಿತ್ರಿಸಿದ ಈ ಕೃತಿಯ ಬಗೆಗೆ ಮಿಷನ್ನಿನ ಕೆಲವರಿಗೆ ಅಸಮಾಧಾನವಿದ್ದುದರಿಂದ ಅದು ಅಚ್ಚಾಗಲು 1925ರವರೆಗೆ ಕಾಯಬೇಕಾಯಿತು. ಅಕ್ಷರವನ್ನು ಕೊಟ್ಟ ಸಂಸ್ಥೆಯೇ ಆ ಅಕ್ಷರದಲ್ಲಿ ಏನನ್ನು ಬರೆಯಬಹುದೆಂಬುದನ್ನೂ ನಿರ್ಣಯಿಸುತ್ತಿತ್ತು ಎಂಬುದಕ್ಕೆ ಈ ಹದಿನೈದು ವರ್ಷಗಳ ವಿಳಂಬವೇ ಸಾಕ್ಷಿ.

ವಿಶ್ವವಿದ್ಯಾಲಯದ ಪ್ರವೇಶ

ಮಿಷನರಿಗಳ ಕೈಯಿಂದ ಭಾಷಾಧ್ಯಯನ ವಿಶ್ವವಿದ್ಯಾಲಯಕ್ಕೆ ಸಾಗಿದ ಘಟ್ಟದಲ್ಲಿ ಜೊಹಾನ್ಸ್‌ಬರ್ಗಿನ ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯದ ಬಾಂಟು ಅಧ್ಯಯನ ವಿಭಾಗ ಪ್ರಮುಖವಾದುದು. 1923ರಿಂದ ಅಲ್ಲಿ ಕೆಲಸ ಮಾಡಿದ ಕ್ಲೆಮೆಂಟ್ ಡೋಕ್ ಸ್ವತಃ ಮಿಷನರಿ ಹಿನ್ನೆಲೆಯವನೇ. ಜಾಕೊತೆ 1920ರಲ್ಲಿ ತೀರಿಕೊಂಡ ಮೇಲೆ ಆತನ ಸೆಸೊಥೊ ವ್ಯಾಕರಣವನ್ನು ಸಂಪಾದಿಸಿ 1927ರಲ್ಲಿ ಬೆಳಕಿಗೆ ತಂದವನು ಡೋಕ್. ಯೂರೋಪಿನ ವ್ಯಾಕರಣದ ಚೌಕಟ್ಟನ್ನು ಬಾಂಟು ಭಾಷೆಗಳ ಮೇಲೆ ಹೇರದೆ, ಅವುಗಳ ರಚನೆಯಿಂದಲೇ ಪರಿಭಾಷೆಯನ್ನು ರೂಪಿಸಬೇಕೆಂಬುದು ಆತನ ನಿಲುವು. 1935ರ ಆತನ ಪಾರಿಭಾಷಿಕ ಕೋಶ ಈ ನಿಲುವಿನ ಫಲ.

ಈ ವಿಭಾಗಗಳಲ್ಲಿ ಆಫ್ರಿಕನ್ ವಿದ್ವಾಂಸರು ಮೊದಲಿಗೆ 'ಭಾಷಾ ಸಹಾಯಕ'ರಾಗಿ ಮಾತ್ರ ಪ್ರವೇಶ ಪಡೆದರು. ಜುಲು ಕವಿ ಬಿ. ಡಬ್ಲ್ಯು. ವಿಲಕಾಜಿ 1930ರ ದಶಕದಲ್ಲಿ ಇಂಥ ಹುದ್ದೆಗೆ ಸೇರಿ 1946ರಲ್ಲಿ ಡಾಕ್ಟರೇಟ್ ಪಡೆದನು. ಸೆಸೊಥೊ ಅಧ್ಯಯನದಲ್ಲಿ ಇದೇ ದಾರಿಯಲ್ಲಿ ಬಂದವನು ಸೊಫೊನಿಯಾ ಮಚಾಬೆ ಮೊಫೊಕೆಂಗ್ (1923-1957). ಆತನ ಸಂಶೋಧನೆ ಜನಪದ ಕಥೆಗಳನ್ನು, ವಿಶೇಷವಾಗಿ ಆಫ್ರಿಕಾದ ಪ್ರಾಣಿಕಥೆಗಳ ಪ್ರಧಾನ ಪಾತ್ರಗಳನ್ನು ಕುರಿತದ್ದು. 1952ರಲ್ಲಿ ಪ್ರಕಟವಾದ ಆತನ ನಾಟಕ 'ಸೆಂಕಾತಾನಾ' ಇದೇ ಜನಪದ ಮೂಲದ್ದು. ಒಂದು ದೈತ್ಯಮೃಗ ನಾಡಿನ ಜನರನ್ನೂ ದನಕರುಗಳನ್ನೂ ನುಂಗಿಬಿಡುತ್ತದೆ. ಅವಿತು ಉಳಿದ ಒಬ್ಬಳೇ ಹೆಂಗಸಿನ ಮಗನಾಗಿ ಹುಟ್ಟಿದ ಸೆಂಕಾತಾನಾ ಅದನ್ನು ಕೊಂದು ಎಲ್ಲರನ್ನೂ ಬಿಡುಗಡೆ ಮಾಡುತ್ತಾನೆ. ಕಡೆಗೆ ಆ ಜನರೇ ಅವನನ್ನು ಕೊಲ್ಲುತ್ತಾರೆ. ಈ ಕಥೆಯನ್ನು ಮೊಫೊಕೆಂಗ್ ದುರಂತ ನಾಟಕವಾಗಿ ಬೆಳೆಸಿದನು. ಡೋಕ್ ಮತ್ತು ಮೊಫೊಕೆಂಗ್ ಜಂಟಿಯಾಗಿ ಬರೆದ ದಕ್ಷಿಣ ಸೊಥೊ ವ್ಯಾಕರಣದ ಪಠ್ಯಪುಸ್ತಕ 1957ರಲ್ಲಿ ಹೊರಬಂದಿತು. ಮೊಫೊಕೆಂಗ್ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನಿಧನನಾದದ್ದೂ ಅದೇ ವರ್ಷ. ವ್ಯಾಕರಣಕಾರ, ಜಾನಪದ ಸಂಶೋಧಕ ಮತ್ತು ನಾಟಕಕಾರ ಈ ಮೂವರೂ ಒಬ್ಬನೇ ಆಗಿದ್ದುದು ಸೆಸೊಥೊ ಅಧ್ಯಯನದ ಮುಂದಿನ ದಾರಿಯನ್ನು ಸೂಚಿಸುತ್ತದೆ.

ವ್ಯಾಕರಣದ ಪಾಠಗಳು

ಸೆಸೊಥೊ ಭಾಷಾವಿಜ್ಞಾನದ ವಿದ್ಯಾರ್ಥಿ ಮೊದಲು ಎದುರಿಸುವುದು ನಾಮವರ್ಗಗಳನ್ನು. 'ಮೊಥೊ' ಎಂದರೆ ಮನುಷ್ಯ, 'ಬಾಥೊ' ಎಂದರೆ ಮನುಷ್ಯರು. 'ಮೊಸೊಥೊ' ಒಬ್ಬ ವ್ಯಕ್ತಿ, 'ಬಾಸೊಥೊ' ಜನ, 'ಸೆಸೊಥೊ' ಅವರ ನುಡಿ, 'ಲೆಸೊಥೊ' ಅವರ ನಾಡು. ಪದದ ಆದಿಯಲ್ಲಿ ಬರುವ ಪ್ರತ್ಯಯವೇ ಅರ್ಥವನ್ನೂ ವಚನವನ್ನೂ ತಿಳಿಸಿ, ವಾಕ್ಯದ ಉಳಿದ ಪದಗಳ ರೂಪವನ್ನೂ ನಿಯಂತ್ರಿಸುತ್ತದೆ. ಎರಡನೆಯದು ಪದವಿಭಾಗದ ಪ್ರಶ್ನೆ. 'ಕೆ ಆ ಉ ರಾತಾ' (ನಾನು ನಿನ್ನನ್ನು ಪ್ರೀತಿಸುತ್ತೇನೆ) ಎಂಬುದನ್ನು ನಾಲ್ಕು ತುಂಡುಗಳಾಗಿ ಬರೆಯುವುದು ರೂಢಿ. ಆದರೆ ಮೊದಲ ಮೂರು ತುಂಡುಗಳು ಸ್ವತಂತ್ರ ಪದಗಳಲ್ಲ, ಕ್ರಿಯಾಪದದ ಅಂಗಗಳು. ಇದೇ ಬಗೆಯ ರಚನೆಯುಳ್ಳ ಜುಲು ಭಾಷೆಯಲ್ಲಿ ಇವೆಲ್ಲವನ್ನೂ ಕೂಡಿಸಿ ಬರೆಯುತ್ತಾರೆ. ಬರಹದ ರೂಢಿಯೇ ಭಾಷೆಯ ರಚನೆಯಲ್ಲ ಎಂಬ ಮೂಲಭೂತ ಪಾಠ ಇಲ್ಲಿಂದ ದೊರೆಯುತ್ತದೆ. ಅರ್ಥವನ್ನು ಬದಲಿಸಬಲ್ಲ ಸ್ವರದ ಏರಿಳಿತವನ್ನು ಬರಹ ಗುರುತಿಸದಿರುವುದೂ ಇದಕ್ಕೆ ಪೂರಕ.

ಡೋಕ್ ಪ್ರತ್ಯೇಕ ವ್ಯಾಕರಣವರ್ಗವೆಂದು ಗುರುತಿಸಿ ಹೆಸರಿಟ್ಟ 'ಐಡಿಯೊಫೋನ್' ಕನ್ನಡದ ಅನುಕರಣಾವ್ಯಯಗಳನ್ನು ಬಲ್ಲವರಿಗೆ ಅಪರಿಚಿತವೇನಲ್ಲ. ಸದ್ದು, ಚಲನೆ, ಬಣ್ಣ, ನಿಶ್ಶಬ್ದತೆಗಳನ್ನೂ ಹಿಡಿದಿಡುವ ಈ ಪದಗಳು ಕಥನಕಾರರ ಬಾಯಲ್ಲಿ ಅಭಿನಯದೊಡನೆ ಜೀವ ತಳೆಯುತ್ತವೆ. ಡೇನಿಯಲ್ ಕುನೆನೆ 1978ರಲ್ಲಿ ಇವನ್ನು ಕುರಿತೇ ಒಂದು ಗ್ರಂಥ ಪ್ರಕಟಿಸಿದನು. ಇನ್ನೊಂದು ಕಡೆ, ಕ್ಯಾಥರೀನ್ ಡಿಮುತ್ 1980ರ ದಶಕದಲ್ಲಿ ಲೆಸೊಥೊದ ಮಕ್ಕಳ ಮಾತನ್ನು ದಾಖಲಿಸಿ ನಡೆಸಿದ ಅಧ್ಯಯನ ಜಾಗತಿಕ ಚರ್ಚೆಗೆ ಕಾರಣವಾಯಿತು. ಇಂಗ್ಲಿಷ್ ಮಕ್ಕಳು ಕರ್ಮಣಿ ಪ್ರಯೋಗವನ್ನು ತಡವಾಗಿ ಕಲಿಯುವುದಕ್ಕೆ ಮೆದುಳಿನ ಪಕ್ವತೆಯೇ ಕಾರಣ ಎಂಬ ವಾದವಿತ್ತು. ಸೆಸೊಥೊ ಮಕ್ಕಳು ಮೂರು ವರ್ಷ ತುಂಬುವ ಮೊದಲೇ ಅದನ್ನು ಬಳಸುತ್ತಾರೆಂದು ಆಕೆ 1989ರಲ್ಲಿ ತೋರಿಸಿದಳು. ಸೆಸೊಥೊದಲ್ಲಿ 'ಯಾರು' ಎಂಬ ಪ್ರಶ್ನಪದ ಕರ್ತೃಸ್ಥಾನದಲ್ಲಿ ನೇರವಾಗಿ ಬರಲಾರದು. ಆದ್ದರಿಂದ 'ಇದು ಯಾರಿಂದ ಮಾಡಲ್ಪಟ್ಟಿತು' ಎಂಬಂಥ ವಾಕ್ಯಗಳು ದಿನಬಳಕೆಯಲ್ಲಿಯೇ ಮಗುವಿನ ಕಿವಿಗೆ ಬೀಳುತ್ತವೆ. ಒಂದೇ ಭಾಷೆಯ ಆಧಾರದಿಂದ ಮಾನವ ಭಾಷೆಯ ಬಗೆಗೆ ತೀರ್ಮಾನಿಸುವುದು ಸಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು.

ಮೌಖಿಕ ಕಾವ್ಯ ಮತ್ತು ಪಠ್ಯಕ್ರಮ

ವಿಶ್ವವಿದ್ಯಾಲಯದಲ್ಲಿ ಸಾಹಿತ್ಯವೆಂದರೆ ಅಚ್ಚಾದ ಕಾದಂಬರಿ, ನಾಟಕಗಳು ಮಾತ್ರವೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಎಸ್. ಎಂ. ಗುಮಾ ಪ್ರಮುಖನು. ಸಾಂಪ್ರದಾಯಿಕ ಸಾಹಿತ್ಯದ ರೂಪ, ವಸ್ತು ಹಾಗೂ ತಂತ್ರಗಳನ್ನು ಕುರಿತ ಆತನ ಗ್ರಂಥ 1967ರಲ್ಲಿ ಪ್ರಕಟವಾಯಿತು. ಕುನೆನೆಯ 'ಹೀರೋಯಿಕ್ ಪೊಯಟ್ರಿ ಆಫ್ ದಿ ಬಾಸೊಥೊ' (1971) 'ಲಿಥೊಕೊ' ಎಂಬ ಸ್ತುತಿಕಾವ್ಯದಲ್ಲಿ ವೀರನನ್ನು ಬಗೆಬಗೆಯ ಬಿರುದುಗಳಿಂದ ಹೆಸರಿಸುವ ಕ್ರಮವನ್ನು ವಿಶ್ಲೇಷಿಸಿತು. 1974ರಲ್ಲಿ ಮೊಸೆಬಿ ದಮಾನೆ ಮತ್ತು ಪೀಟರ್ ಸ್ಯಾಂಡರ್ಸ್ ಇವೇ ಕಾವ್ಯಗಳನ್ನು ಐತಿಹಾಸಿಕ ಟಿಪ್ಪಣಿಗಳೊಡನೆ ಸಂಪಾದಿಸಿದರು.

ಇವೆಲ್ಲವೂ ದೊರೆಗಳ ಮತ್ತು ಯೋಧರ ಕಾವ್ಯ. ದಕ್ಷಿಣ ಆಫ್ರಿಕಾದ ಗಣಿಗಳಿಗೆ ಕೂಲಿಗಾಗಿ ಹೋದ ಬಾಸೊಥೊ ಕಾರ್ಮಿಕರು ಕಟ್ಟಿ ಹಾಡಿದ 'ಲಿಫೆಲಾ' ಎಂಬ ದೀರ್ಘ ಗೀತೆಗಳು ವಿದ್ವತ್ ಲೋಕದ ವ್ಯಾಪಕ ಗಮನ ಸೆಳೆದದ್ದು ತಡವಾಗಿ. ಡೇವಿಡ್ ಕಾಪ್ಲನ್‌ನ 1994ರ ಕೃತಿ ಮತ್ತು ಮಕಾಲಿ ಮೊಕಿತಿಮಿಯವರ ಅಧ್ಯಯನಗಳು ಈ ಕೊರತೆಯನ್ನು ತುಂಬಿದವು. ಮೊಕಿತಿಮಿಯವರು 1997ರಲ್ಲಿ ಬಾಸೊಥೊ ಗಾದೆಗಳ ಮೇಲೂ ಗ್ರಂಥ ಪ್ರಕಟಿಸಿದರು. ಸೆಕೆಸೆ 1893ರಲ್ಲಿ ಆರಂಭಿಸಿದ ಕೆಲಸ ಹೀಗೆ ನೂರು ವರ್ಷಗಳ ನಂತರ ಭಾಷಿಕರ ಕೈಯಲ್ಲಿಯೇ ಶಾಸ್ತ್ರೀಯ ರೂಪ ಪಡೆಯಿತು.

ಗಡಿ, ಕಾಗುಣಿತ ಮತ್ತು ಬೋಧನ ಮಾಧ್ಯಮ

ಬೋಯರರೊಡನೆ ನಡೆದ ಯುದ್ಧಗಳಲ್ಲಿ ಮೊಶ್ವೆಶ್ವೆಯ ಫಲವತ್ತಾದ ಪಶ್ಚಿಮದ ಭೂಮಿ ಕೈತಪ್ಪಿತು. 1868ರಲ್ಲಿ ಉಳಿದ ನಾಡು ಬ್ರಿಟಿಷ್ ರಕ್ಷಣೆಗೆ ಒಳಪಟ್ಟಿತು. ಈ ಗಡಿಯೇ ಮುಂದೆ ಕಾಗುಣಿತದ ಗಡಿಯೂ ಆಯಿತು. 1950ರ ದಶಕದ ಕೊನೆಯಲ್ಲಿ ದಕ್ಷಿಣ ಆಫ್ರಿಕಾ ಹೊಸ ಕಾಗುಣಿತವನ್ನು ಅನುಸರಿಸಿದರೆ ಲೆಸೊಥೊ ಮಿಷನ್ ಕಾಲದ ಕಾಗುಣಿತವನ್ನೇ ಉಳಿಸಿಕೊಂಡಿತು. 'ಲಿ' ಎಂದು ಬರೆದು 'ದಿ' ಎಂದು ಉಚ್ಚರಿಸುವುದು ಲೆಸೊಥೊದ ಕ್ರಮ. ಉಚ್ಚಾರದಂತೆಯೇ ಬರೆಯುವುದು ದಕ್ಷಿಣ ಆಫ್ರಿಕಾದ ಕ್ರಮ. ಹಸುವಿನ ಹೆಸರಿನ ಮೊದಲ ವ್ಯಂಜನಕ್ಕೆ ಒಂದು ಕಡೆ 'ಕೆ-ಎಚ್' ಅಕ್ಷರಗಳಾದರೆ ಇನ್ನೊಂದು ಕಡೆ 'ಕೆ-ಜಿ'. ಉಚ್ಚಾರ ಒಂದೇ ಆದರೂ ಒಂದೇ ಕೃತಿಯನ್ನು ಎರಡು ಕಡೆಯ ಶಾಲೆಗಳಿಗಾಗಿ ಎರಡು ಬಾರಿ ಅಚ್ಚು ಹಾಕಬೇಕಾಗುತ್ತದೆ.

ಲೆಸೊಥೊದ ಉನ್ನತ ಶಿಕ್ಷಣ 1945ರಲ್ಲಿ ರೋಮಾದಲ್ಲಿ ಕ್ಯಾಥೊಲಿಕರು ಸ್ಥಾಪಿಸಿದ ಹನ್ನೆರಡನೆಯ ಪಯಸ್ ಕಾಲೇಜಿನಿಂದ ಆರಂಭವಾಗುತ್ತದೆ. 1964ರಲ್ಲಿ ಅದು ಮೂರು ಬ್ರಿಟಿಷ್ ಪ್ರದೇಶಗಳ ಜಂಟಿ ವಿಶ್ವವಿದ್ಯಾಲಯವಾಗಿ, 1975ರಲ್ಲಿ ಲೆಸೊಥೊ ರಾಷ್ಟ್ರೀಯ ವಿಶ್ವವಿದ್ಯಾಲಯವಾಗಿ ಪರಿವರ್ತಿತವಾಯಿತು. ದಕ್ಷಿಣ ಆಫ್ರಿಕಾದಲ್ಲಿ 1953ರ ಬಾಂಟು ಶಿಕ್ಷಣ ಕಾಯ್ದೆ ಮಾತೃಭಾಷೆಯನ್ನು ಪ್ರಾಥಮಿಕ ತರಗತಿಗಳಲ್ಲಿ ಕಡ್ಡಾಯಗೊಳಿಸಿತು. ವರ್ಣಭೇದ ನೀತಿಯ ಅಂಗವಾಗಿ ಬಂದ ಈ ಕ್ರಮದಿಂದ ಮಾತೃಭಾಷಾ ಶಿಕ್ಷಣವೆಂದರೆ ಅವಕಾಶಗಳಿಂದ ದೂರವಿಡುವ ಉಪಾಯವೆಂಬ ಸಂಶಯ ಜನರಲ್ಲಿ ಬೇರೂರಿತು. 1996ರ ಸಂವಿಧಾನ ಸೆಸೊಥೊಗೆ ಅಧಿಕೃತ ಸ್ಥಾನ ನೀಡಿದರೂ ಆ ಸಂಶಯ ಸುಲಭವಾಗಿ ನಿವಾರಣೆಯಾಗಲಿಲ್ಲ. ಫ್ರೀ ಸ್ಟೇಟ್ ವಿಶ್ವವಿದ್ಯಾಲಯ 2016ರಲ್ಲಿ ಆಫ್ರಿಕಾನ್ಸ್ ಮಾಧ್ಯಮವನ್ನು ಕೈಬಿಡುವ ನೀತಿಯನ್ನು ಅಂಗೀಕರಿಸಿದಾಗ, 2017ರಲ್ಲಿ ಸಂವಿಧಾನ ನ್ಯಾಯಾಲಯವೂ ಅದಕ್ಕೆ ತಡೆಯೊಡ್ಡಲಿಲ್ಲ. ಆದರೆ ತೆರವಾದ ಆ ಸ್ಥಾನವನ್ನು ಪಡೆದದ್ದು ಪ್ರಾಂತದ ಪ್ರಧಾನ ಭಾಷೆಯಾದ ಸೆಸೊಥೊ ಅಲ್ಲ, ಇಂಗ್ಲಿಷ್. ಆಫ್ರಿಕನ್ ಭಾಷೆಗಳನ್ನು ಬೋಧನೆಯಲ್ಲಿ ಬಳಸಲು ಒತ್ತಾಯಿಸುವ ರಾಷ್ಟ್ರೀಯ ಚೌಕಟ್ಟು 2020ರಲ್ಲಿ ಪ್ರಕಟವಾಯಿತು.

ಉಪಸಂಹಾರ

ಸೆಸೊಥೊ ಅಧ್ಯಯನದ ಚರಿತ್ರೆಯಲ್ಲಿ ಮೂರು ಹಂತಗಳನ್ನು ಗುರುತಿಸಬಹುದು. ಮೊದಲನೆಯದರಲ್ಲಿ ಹೊರಗಿನವರು ಭಾಷೆಯನ್ನು ಬರಹಕ್ಕೆ ತಂದರು. ಎರಡನೆಯದರಲ್ಲಿ ಭಾಷಿಕರು ಸಹಾಯಕರಾಗಿ ಬಂದು ವಿದ್ವಾಂಸರಾದರು. ಮೂರನೆಯದರಲ್ಲಿ ಅವರು ತಮ್ಮ ಮೌಖಿಕ ಪರಂಪರೆಯನ್ನೇ ಪಠ್ಯಕ್ರಮದ ಕೇಂದ್ರಕ್ಕೆ ತಂದರು. ಸೆಸೊಥೊವನ್ನು ಕುರಿತು ಸೆಸೊಥೊದಲ್ಲಿಯೇ ಚಿಂತಿಸಿ ಬರೆಯುವ ನಾಲ್ಕನೆಯ ಹಂತ ಇನ್ನೂ ಪೂರ್ಣವಾಗಿ ಕೈಗೂಡಿಲ್ಲ. ಈ ಪ್ರಬಂಧದಲ್ಲಿ ಹೆಸರಿಸಿದ ಇಪ್ಪತ್ತನೆಯ ಶತಮಾನದ ವಿಮರ್ಶಾ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ರಚಿತವಾಗಿವೆ ಎಂಬುದನ್ನು ಇಲ್ಲಿ ನೆನೆಯಬೇಕು. ಲಿಫೆಲಾ ಹಾಡಿದ ಗಣಿ ಕಾರ್ಮಿಕನು ತನ್ನ ಹಾಡಿನ ಬಗೆಗೆ ಬರೆದ ಪುಸ್ತಕವನ್ನು ತನ್ನ ನುಡಿಯಲ್ಲಿಯೇ ಓದಬಲ್ಲವನಾದಾಗ ಮಾತ್ರ ಈ ಅಧ್ಯಯನ ತನ್ನ ಉದ್ದೇಶವನ್ನು ತಲುಪಿತೆನ್ನಬಹುದು.